ಯಾರ ಹೆಸರಿಗೆ ಮಾಡಿಸಲಿ ಮೇಡಂ?

2024ರ ಜುಲೈನಲ್ಲಿ ಒಂದು ಶನಿವಾರ ಮೈಸೂರಿನ ಒಂದು ಸ್ಕೂಟರ್ ಶೋರೂಮಿನಲ್ಲಿ ಕೂತಿದ್ದೆ. ಕಾಗದದ ಲೋಟದಲ್ಲಿ ಕಾಫಿ ಬಂತು, ಬಣ್ಣಗಳ ಪಟ್ಟಿ ಬಂತು. ನನ್ನ ತಮ್ಮನ ವಯಸ್ಸಿನ ಹುಡುಗನೊಬ್ಬ ಬಹಳ ವಿನಯದಿಂದ ಎಲ್ಲ ವಿವರಿಸಿದ. ಕೊನೆಗೆ ಪೆನ್ನು ತೆಗೆದು ಕೇಳಿದ: ‘ಯಾರ ಹೆಸರಿಗೆ ಮಾಡಿಸಲಿ ಮೇಡಂ? ತಂದೆಯವರ ಹೆಸರಿಗಾ, ಯಜಮಾನರ ಹೆಸರಿಗಾ?’

‘ನನ್ನ ಹೆಸರಿಗೆ’ ಅಂದೆ.

‘ಲೋನ್ ಅಂದ್ರಲ್ಲ, ಸಂಬಳದ ಚೀಟಿ ಬೇಕಾಗುತ್ತೆ.’

ಪಿಎಚ್.ಡಿ ಮಾಡುತ್ತಿದ್ದೇನೆ, ಫೆಲೋಶಿಪ್ ಬರುತ್ತದೆ ಎಂದೆ. ಪ್ರತಿ ತಿಂಗಳೂ ಬರುತ್ತದೆಯೇ ಎಂದು ಕೇಳಿದ. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಹಾಗಾದ್ರೆ ತಂದೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ, ಸೈನ್ ಮಾಡಿದ್ರೆ ಇವತ್ತೇ ಆಗೋಗುತ್ತೆ’ ಅಂದ. ಆಗ ನನಗೆ ಇಪ್ಪತ್ತೇಳು ವರ್ಷ.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ಫಾರಂನಲ್ಲಿದ್ದ ಪ್ರಶ್ನೆ ಕೇಳಿದ ಅಷ್ಟೇ. ನನ್ನ ಜಗಳ ಇರುವುದು ಆ ಫಾರಂ ಜೊತೆ, ಮತ್ತು ‘ಹೆಣ್ಣುಮಕ್ಕಳು ತಗೊಳ್ಳೋದಾದ್ರೆ ಹೊಸ ಗಾಡಿನೇ ತಗೋಬೇಕು’ ಎಂದು ನನಗೆ ಬುದ್ಧಿ ಹೇಳಿದ ಎಲ್ಲ ಹಿತೈಷಿಗಳ ಜೊತೆ. ಮೊದಲ ಗಾಡಿ ಕೊಳ್ಳುವ ವಿದ್ಯಾರ್ಥಿನಿ, ಅದರಲ್ಲೂ ಸಂಶೋಧನಾ ವಿದ್ಯಾರ್ಥಿನಿ, ಹಳೆಯ ಸ್ಕೂಟರನ್ನು ನಗದು ಕೊಟ್ಟು ತನ್ನ ಹೆಸರಿಗೇ ಕೊಳ್ಳಬೇಕು ಎಂಬುದು ನನ್ನ ವಾದ. ಹಣ ಉಳಿಯುತ್ತದೆ ಎಂಬುದು ಅದರ ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ‘ಬಸ್ ಫ್ರೀ ಇದೆಯಲ್ಲ, ನಿನಗ್ಯಾಕೆ ಗಾಡಿ?’ ಈ ಪ್ರಶ್ನೆಯನ್ನು ಚಿಕ್ಕಪ್ಪ ಕೇಳಿದ್ದಾರೆ, ಹಾಸ್ಟೆಲಿನ ಗೆಳತಿಯರು ಕೇಳಿದ್ದಾರೆ, ಕವಿಗೋಷ್ಠಿಯೊಂದರಲ್ಲಿ ಪರಿಸರದ ಬಗ್ಗೆ ಬರೆಯುವ ಹಿರಿಯರೊಬ್ಬರೂ ಕೇಳಿದ್ದಾರೆ. ಆ ಹಿರಿಯರು ಬಂದದ್ದು ಕಾರಿನಲ್ಲಿ, ಅದು ಬೇರೆ ಮಾತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಾನು ಅದರ ಫಲಾನುಭವಿ. ಶೂನ್ಯ ಟಿಕೆಟ್‌ಗಳ ಕಟ್ಟು ಈಗಲೂ ನನ್ನ ಬ್ಯಾಗಿನ ತಳದಲ್ಲಿದೆ. ಆ ಯೋಜನೆಯನ್ನು ಆಡಿಕೊಂಡು ನಗುವವರ ಜೊತೆ ನಾನು ಸೇರುವುದಿಲ್ಲ. ನಮ್ಮಮ್ಮ ತನ್ನ ಅಕ್ಕನನ್ನು ನೋಡಲು ಯಾರನ್ನೂ ದುಡ್ಡು ಕೇಳದೆ ಹೊರಟದ್ದು ಅದರಿಂದಲೇ. ಆದರೆ ಟಿಕೆಟ್ ಫ್ರೀ ಆಯಿತೇ ಹೊರತು ಬಸ್ಸಿನ ವೇಳಾಪಟ್ಟಿ ನಮ್ಮ ಕೈಗೆ ಬರಲಿಲ್ಲ.

ನನ್ನ ಸಂಶೋಧನೆ ಹೆಂಗಸರ ಮದುವೆ ಹಾಡುಗಳ ಬಗ್ಗೆ. ತಿ. ನರಸೀಪುರ, ನಂಜನಗೂಡು ಕಡೆಯ ಹಳ್ಳಿಗಳು ನನ್ನ ಕ್ಷೇತ್ರ. ಈ ಹಾಡು ಬಲ್ಲ ಹೆಂಗಸರು ಹಗಲು ಕೂಲಿಗೆ ಹೋಗುತ್ತಾರೆ, ಗದ್ದೆಗೆ ಹೋಗುತ್ತಾರೆ. ಸಂಜೆ ದನ ಕಟ್ಟಿ, ಅಡುಗೆ ಮಾಡಿ, ಗಂಡಸರಿಗೆ ಊಟಕ್ಕಿಟ್ಟು, ಪಾತ್ರೆ ತೊಳೆದು ಜಗುಲಿಗೆ ಬರುವ ಹೊತ್ತಿಗೆ ಎಂಟು ದಾಟಿರುತ್ತದೆ. ನಾನು ಹೋಗುತ್ತಿದ್ದ ಒಂದು ಹಳ್ಳಿಯಿಂದ ಕೊನೆಯ ಬಸ್ಸು ಏಳೂಕಾಲಿಗೆ. ಮೊದಲ ಎರಡು ವರ್ಷ ನಾನು ಸಂಗ್ರಹಿಸಿದ್ದೆಲ್ಲ ಸಂಜೆ ಏಳರ ಒಳಗಿನ ಹಾಡು. ಒಬ್ಬ ಅಜ್ಜಿ ಒಮ್ಮೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ, ‘ಹಾಡು ಈಗ ಬಾಯಿಗ್ ಬರ್ತಾ ಅದೆ, ನೀ ನೋಡುದ್ರೆ ಹೊಂಟೇಬುಟ್ಟೆ ಕಣವ್ವ’ ಅಂದರು. ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಅದನ್ನೇ. ನನ್ನ ಪ್ರಬಂಧದಲ್ಲಿ ‘ಈ ಭಾಗದಲ್ಲಿ ಇಂಥ ಹಾಡುಗಳು ದೊರೆಯುವುದಿಲ್ಲ’ ಎಂದು ನಾನು ಬರೆದಿದ್ದ ಸಾಲಿನ ನಿಜವಾದ ಅರ್ಥ ‘ಈ ಭಾಗದಲ್ಲಿ ಏಳೂಕಾಲರ ನಂತರ ಬಸ್ಸಿಲ್ಲ’ ಎಂದು. ನಮ್ಮ ಜಾನಪದ ಸಂಗ್ರಹಗಳಲ್ಲಿ ಇಂಥ ಸಾಲುಗಳು ಎಷ್ಟಿರಬಹುದು? ನನ್ನ ಜೊತೆಯ ಹುಡುಗರು ಗೆಳೆಯನ ಬೈಕು ಕೇಳಿ ತಗೊಂಡು ಹೋಗಿ, ರಾತ್ರಿ ಹನ್ನೊಂದಕ್ಕೆ ವಾಪಸು ಬಂದು, ನನಗೆ ಸಿಗದ ಹಾಡು ತಮಗೆ ಸಿಕ್ಕಿತು ಎಂದು ಸೆಮಿನಾರಿನಲ್ಲಿ ಹೇಳುತ್ತಿದ್ದರು.

ಹಾಗಾಗಿ ಗಾಡಿ ನನಗೆ ಸೌಕರ್ಯದ ವಸ್ತುವಲ್ಲ. ನಿಘಂಟಿನಂತೆ, ರೆಕಾರ್ಡರಿನಂತೆ ಅದೊಂದು ಸಲಕರಣೆ.

ಈಗ ಹೊಸದೋ ಹಳೆಯದೋ ಎಂಬ ಮಾತಿಗೆ ಬರೋಣ.

ಶೋರೂಮಿನ ಹುಡುಗ ಕೊಟ್ಟ ಲೆಕ್ಕದ ಚೀಟಿ ನನ್ನ ಬಳಿ ಇದೆ. ಆನ್‌ರೋಡ್ ಬೆಲೆ ಒಂದು ಲಕ್ಷ. ಮುಂಗಡ 20,000. ಸಾಲ 80,000. ಬಡ್ಡಿ ‘ಬರೀ 10 ಪರ್ಸೆಂಟ್’. ಮೂರು ವರ್ಷಕ್ಕೆ ಬಡ್ಡಿ 24,000, ತಿಂಗಳ ಕಂತು 2,889 ರೂಪಾಯಿ. ಕೇಳಲು ಹಗುರವಾಗಿದೆ. ಆದರೆ ಇದು ಫ್ಲಾಟ್ ಬಡ್ಡಿ. ಪ್ರತಿ ತಿಂಗಳೂ ನಾವು ಅಸಲನ್ನು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೆ ಪೂರ್ತಿ 80,000ಕ್ಕೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಹತ್ತಲ್ಲ, ಸುಮಾರು ಹದಿನೆಂಟು ಪರ್ಸೆಂಟ್. ಛಂದಸ್ಸಿನ ಮಾತ್ರೆ ಎಣಿಸಲು ಕಲಿತವರು ಇದನ್ನೂ ಎಣಿಸಲು ಕಲಿಯಬೇಕು. ಸಾಹಿತ್ಯದವರಿಗೆ ಲೆಕ್ಕ ಬರುವುದಿಲ್ಲ ಎಂದು ನಾವೇ ನಗುತ್ತಾ ಹೇಳಿಕೊಳ್ಳುವ ಮಾತಿನಿಂದ ಲಾಭವಾಗುವುದು ಫೈನಾನ್ಸ್‌ನವರಿಗೆ.

ಇದಕ್ಕಿಂತ ದೊಡ್ಡ ತೊಡಕು, ಕಂತು ಎಂಬುದು ತಿಂಗಳ ಸಂಬಳ ಬರುವವರಿಗಾಗಿ ಮಾಡಿದ ವ್ಯವಸ್ಥೆ. ಫೆಲೋಶಿಪ್ ಹಾಗಲ್ಲ. ಹಾಜರಾತಿ, ಗೈಡ್ ಸಹಿ, ವಿಭಾಗದ ಸೀಲು, ಕಚೇರಿಯ ಬಿಲ್ಲು ಎಲ್ಲ ದಾಟಿ ನಾಲ್ಕು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಗಂಟಾಗಿ ಬೀಳುತ್ತದೆ. ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ನಿಗದಿಯಾಗಿದೆ. ಮೊತ್ತ ಚೆನ್ನಾಗಿಯೇ ಇದೆ, ಅದು ಸಿಗದ ನಮ್ಮಂಥವರೇ ಹೆಚ್ಚು. ಆದರೆ ಯಾರಿಗೇ ಆಗಲಿ, ಐದನೇ ತಾರೀಖಿಗೆ ಕಂತು ಕಟ್ಟಬೇಕಾದಾಗ ‘ಬಿಲ್ಲು ಹೋಗಿದೆ’ ಎಂಬ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಕಂತು ತಪ್ಪಿದರೆ ದಂಡ, ಮತ್ತೆ ತಪ್ಪಿದರೆ ಫೋನು. ಫೋನು ಬರುವುದು ಜಾಮೀನು ಹಾಕಿದ ಅಪ್ಪನಿಗೆ.

ನನ್ನ ದೊಡ್ಡ ಕಾರಣ ಇದೇ. ನಮ್ಮಪ್ಪ ಒಳ್ಳೆಯವರು, ಸಹಿ ಹಾಕಲು ತಯಾರಿದ್ದರು. ಆದರೆ ಆ ಸಹಿಯ ಜೊತೆಗೆ ಬರುವ ಮಾತುಗಳು ನನಗೆ ಗೊತ್ತು. ‘ರಾತ್ರಿ ಓಡಿಸಬೇಡ’, ‘ಹೈವೇಗೆ ಹೋಗಬೇಡ’, ‘ತಮ್ಮ ಬಂದಾಗ ಅವನಿಗೆ ಕೊಡು’. ಸಾಲದ ಗಾಡಿಗೆ ಫೈನಾನ್ಸ್‌ನವರದೊಂದು ಹಕ್ಕು, ಜಾಮೀನು ಹಾಕಿದವರದೊಂದು ಹಕ್ಕು. ನನ್ನ ಪಾಲಿಗೆ ಉಳಿಯುವುದು ಪೆಟ್ರೋಲು ಹಾಕಿಸುವ ಕೆಲಸ. ನಿಮ್ಮ ಬೀದಿಯಲ್ಲಿ ಹುಡುಗಿಯರು ಓಡಿಸುವ ಸ್ಕೂಟರುಗಳ ಆರ್‌ಸಿ ತೆಗೆದು ನೋಡಿ, ಎಷ್ಟರಲ್ಲಿ ಅವರ ಹೆಸರಿದೆ?

ನನ್ನ ಫೆಲೋಶಿಪ್ ಐದು ತಿಂಗಳದ್ದು ಒಟ್ಟಿಗೆ ಬಂದಾಗ, ನಿವೃತ್ತ ಗುಮಾಸ್ತರೊಬ್ಬರಿಂದ 2017ರ ಆಕ್ಟಿವಾ ಕೊಂಡೆ. 31,000 ಕಿಲೋಮೀಟರ್ ಓಡಿತ್ತು. 40,000 ಹೇಳಿದ್ದರು, 36,000ಕ್ಕೆ ಕೊಟ್ಟರು. ಎರಡು ಟೈರು, ಬ್ಯಾಟರಿ, ಬ್ರೇಕ್ ಶೂ, ಆಯಿಲ್, ವಿಮೆ, ಹೆಸರು ಬದಲಾವಣೆ ಎಲ್ಲ ಸೇರಿ ಇನ್ನೂ ಏಳೂವರೆ ಸಾವಿರ. ಆಮೇಲಿನ ಒಂದು ವರ್ಷದಲ್ಲಿ ರಿಪೇರಿಗೆ ಖರ್ಚಾದದ್ದು 4,800. ಹೊಸದನ್ನು ಕೊಂಡಿದ್ದರೆ ಅದೇ ವರ್ಷ ಕಂತೇ 34,668 ಆಗುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಸ್ಕೂಟರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದು ಹೊಸ ಗಾಡಿಯ ಬೆಲೆ ಕೆಲವು ಸಾವಿರ ಕಡಿಮೆಯಾಯಿತು, ನಿಜ. ಜಾಮೀನಿನ ಕಾಲಂ ಮಾತ್ರ ಹಾಗೇ ಇದೆ.

‘ಸೆಕೆಂಡ್ ಹ್ಯಾಂಡ್ ಅಂದ್ರೆ ಮೋಸ, ಹೆಂಗಸರಿಗೆ ಟೋಪಿ ಹಾಕ್ತಾರೆ’ ಎನ್ನುತ್ತಾರೆ. ಹಾಕುತ್ತಾರೆ, ನೋಡಲು ಬಾರದವರಿಗೆಲ್ಲ ಹಾಕುತ್ತಾರೆ. ನೋಡಲು ಕಲಿಯುವುದು ಹಳಗನ್ನಡ ಓದುವುದಕ್ಕಿಂತ ಸುಲಭ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ, ಅಂಥದ್ದು ಬೇಡ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಆದ್ದರಿಂದ ಹ್ಯಾಂಡಲಿನ ಹಿಡಿಕೆ, ಬ್ರೇಕ್ ಲಿವರು, ಕಾಲಿಡುವ ಜಾಗ ಎಷ್ಟು ಸವೆದಿದೆ ನೋಡಬೇಕು. ಹೊರಡುವಾಗ ಗಾಡಿ ನಡುಗಿದರೆ ಬೆಲ್ಟು, ಕ್ಲಚ್ಚಿನ ಕಡೆ ಖರ್ಚಿದೆ. ಚಾಸಿ ನಂಬರು ಆರ್‌ಸಿಗೆ ಹೊಂದಬೇಕು. ಹಳೆಯ ಸಾಲ ತೀರಿ ಆರ್‌ಸಿಯಿಂದ ಫೈನಾನ್ಸ್ ಕಂಪನಿಯ ಹೆಸರು ಹೋಗಿರಬೇಕು. ಪ್ರತಿಯೊಂದು ಗಾಡಿಗೂ ಪಾಠಾಂತರಗಳಿರುತ್ತವೆ. ಮಾಲೀಕರು ಹೇಳುವುದು ಒಂದು, ದಾಖಲೆ ಹೇಳುವುದು ಒಂದು, ಗಾಡಿಯ ಮೈ ಹೇಳುವುದು ಇನ್ನೊಂದು. ಇವನ್ನು ತಾಳೆ ನೋಡುವುದನ್ನೇ ಅಲ್ಲವೇ ನಮಗೆ ಐದು ವರ್ಷ ಕಲಿಸುವುದು?

ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಆರ್‌ಟಿಓನಲ್ಲಿ ಹೆಸರು ಬದಲಾಗದಿದ್ದರೆ ಗಾಡಿ ನಿಮ್ಮದಲ್ಲ. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ವಿಮೆಯನ್ನು ವರ್ಗಾಯಿಸಲೂ 14 ದಿನದೊಳಗೆ ಅರ್ಜಿ ಕೊಡಬೇಕು. ನನ್ನ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂದ ದಿನ, ನನ್ನ ಮೊದಲ ಲೇಖನ ಅಚ್ಚಾದ ದಿನಕ್ಕಿಂತ ಹೆಚ್ಚು ಹೊತ್ತು ಅದರಲ್ಲಿದ್ದ ಹೆಸರನ್ನೇ ನೋಡುತ್ತಾ ಕೂತಿದ್ದೆ.

ಹಳೆಯದನ್ನು ಕೊಳ್ಳುವುದು ಅವಮಾನ ಎಂಬ ಭಾವನೆಯೂ ಇತ್ತೀಚಿನದು. ಪರ್ಮಿಟ್ ರಾಜ್ಯದ ಕಾಲದಲ್ಲಿ ಬಜಾಜ್ ಚೇತಕ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯಲಾರದವರು ಹಳೆಯದಕ್ಕೇ ಹೊಸದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಕೊಂಡದ್ದುಂಟು. ಆಗ ಸೆಕೆಂಡ್ ಹ್ಯಾಂಡ್ ಗಾಡಿ ನಿಲ್ಲಿಸಿದ ಮನೆಯನ್ನು ಯಾರೂ ಕೀಳಾಗಿ ನೋಡಲಿಲ್ಲ. ಇವತ್ತು ಹಳೆಯ ಪುಸ್ತಕವನ್ನು ಹೆಮ್ಮೆಯಿಂದ ತೋರಿಸುವ ನಾವೇ ಹಳೆಯ ಸ್ಕೂಟರನ್ನು ಕ್ಯಾಂಪಸ್ಸಿನ ಮರೆಯಲ್ಲಿ ನಿಲ್ಲಿಸುತ್ತೇವೆ.

ನನ್ನ ವಿರುದ್ಧದ ಬಲವಾದ ವಾದ ಒಂದಿದೆ: ‘ರಾತ್ರಿ ಹೊತ್ತು ದಾರಿಯಲ್ಲಿ ಕೆಟ್ಟು ನಿಂತರೆ?’ ನಿಂತಿದೆ. ನರಸೀಪುರ ರಸ್ತೆಯಲ್ಲಿ ವರುಣಾ ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗ, ರಾತ್ರಿ ಒಂಬತ್ತೂವರೆಗೆ ಬೆಲ್ಟು ತುಂಡಾಯಿತು. ಎಂಜಿನ್ ಓಡುತ್ತಿದೆ, ಚಕ್ರ ತಿರುಗುತ್ತಿಲ್ಲ. ಹೆದರಿಕೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಗಾಡಿಯನ್ನು ದೀಪ ಕಾಣುವವರೆಗೆ ತಳ್ಳಿದೆ. ಮುಚ್ಚುತ್ತಿದ್ದ ಚಹಾದಂಗಡಿಯ ದಂಪತಿ ಗಾಡಿಯನ್ನು ಒಳಗೆ ನಿಲ್ಲಿಸಿಕೊಂಡು, ಗೆಳತಿ ಬರುವವರೆಗೆ ನನ್ನ ಜೊತೆ ಕೂತರು. ಆದರೆ ತಪ್ಪು ಗಾಡಿಯದಲ್ಲ. ಮೆಕ್ಯಾನಿಕ್ ಅಣ್ಣ ತಿಂಗಳ ಹಿಂದೆಯೇ ‘ಬೆಲ್ಟು ಸವೆದಿದೆ ಅಕ್ಕ, ಹಾಕಿಸ್ಬಿಡಿ’ ಅಂದಿದ್ದರು. ಮುಂದಿನ ಫೆಲೋಶಿಪ್ ಬರಲಿ ಎಂದು ಮುಂದೂಡಿದವಳು ನಾನು. ಹಳೆಯ ಗಾಡಿ ಕೊಳ್ಳುವವರು ಕೊನೆಗೆ ಐದಾರು ಸಾವಿರವನ್ನು ಮುಟ್ಟದೆ ಎತ್ತಿಡಬೇಕು. ಅಷ್ಟು ಉಳಿಯುವುದಿಲ್ಲ ಎಂದಾದರೆ ಇನ್ನೂ ನಾಲ್ಕು ತಿಂಗಳು ಬಸ್ಸಿನಲ್ಲೇ ಓಡಾಡುವುದು ಒಳ್ಳೆಯದು.

ಎಲ್ಲರಿಗೂ ಹಳೆಯದೇ ಸರಿ ಎಂದು ನಾನು ಹೇಳುವುದಿಲ್ಲ. ತಿಂಗಳ ಸಂಬಳ ಬರುವವರು, ದಿನಾ ಐವತ್ತು ಅರವತ್ತು ಕಿಲೋಮೀಟರ್ ಓಡಿಸಬೇಕಾದವರು ಹೊಸದನ್ನು ಕೊಳ್ಳಲಿ. 2019ರ ಏಪ್ರಿಲ್‌ನಿಂದ ಹೊಸ ಸ್ಕೂಟರುಗಳಲ್ಲಿ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ ಕಡ್ಡಾಯ. ಹಳೆಯದರಲ್ಲೂ ಆ ನಂತರದ್ದು ಸಿಕ್ಕರೆ, ಕೈಯಲ್ಲಿ ದುಡ್ಡಿದ್ದರೆ, ಅದನ್ನೇ ಆರಿಸಿಕೊಳ್ಳಿ. ಎಲೆಕ್ಟ್ರಿಕ್ ಯಾಕಲ್ಲ ಎಂದು ಕೇಳುವವರು ನನ್ನ ಬಾಡಿಗೆ ಕೋಣೆಯ ಮಾಲೀಕರಿಂದ ಕೆಳಗೊಂದು ಪ್ಲಗ್ ಪಾಯಿಂಟ್ ಕೊಡಿಸಿ, ಆಮೇಲೆ ಮಾತಾಡೋಣ. ಹೆಲ್ಮೆಟ್ ಮಾತ್ರ ಹೊಸದು, ಐಎಸ್‌ಐ ಗುರುತಿನದು. ಅದರಲ್ಲಿ ಚೌಕಾಸಿ ಬೇಡ.

ಆ ಅಜ್ಜಿಯ ಜಗುಲಿಗೆ ಈಗ ಎಂಟೂವರೆಗೆ ಹೋಗುತ್ತೇನೆ. ಮೊದಲ ರಾತ್ರಿಯೇ ಅವರು ಮತ್ತು ಅವರ ನಾದಿನಿ ಸೇರಿ ಹತ್ತೂಮುಕ್ಕಾಲರವರೆಗೆ ಹಾಡಿದರು. ಅದರಲ್ಲಿ ಏಳು ಹಾಡುಗಳನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ‘ದೊರೆಯುವುದಿಲ್ಲ’ ಎಂಬ ಸಾಲನ್ನು ಪ್ರಬಂಧದಿಂದ ಹೊಡೆದುಹಾಕಿದೆ.

ಈ ವರ್ಷ ಪಿಎಚ್.ಡಿಗೆ ಸೇರುತ್ತಿರುವ ತಂಗಿಯರು ಯಾರಾದರೂ ಮೈಸೂರಿನಲ್ಲಿ ಗಾಡಿ ಹುಡುಕುತ್ತಿದ್ದರೆ ಹೇಳಿ, ನೋಡಲು ಜೊತೆಗೆ ಬರುತ್ತೇನೆ. ಬೆಳಿಗ್ಗೆ ಏಳಕ್ಕೇ ಹೋಗೋಣ, ಎಂಜಿನ್ ತಣ್ಣಗಿರುವಾಗ. ಆರ್‌ಟಿಓಗೆ ಮಾತ್ರ ನೀವೇ ಹೋಗಿ. ಅಲ್ಲಿ ‘ಯಾರ ಹೆಸರಿಗೆ?’ ಎಂದು ಕೇಳಿದಾಗ ಉತ್ತರ ನಿಮ್ಮ ಬಾಯಿಂದಲೇ ಬರಲಿ.