ಬೀಜಗಣಿತದ ವರ್ಗಕ್ಕೆ ಹೋಗುವ ಹುಡುಗಿಯಿಂದ ನಾವೇನು ಅಪೇಕ್ಷಿಸಬೇಕು?

ಪ್ರತಿ ವರುಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಕಚೇರಿಯ ಬಾಗಿಲಲ್ಲಿ ಪಾಲಕರ ಸಾಲು ನಿಲ್ಲುವದು. ನವನಗರದವರಷ್ಟೇ ಅಲ್ಲ, ಅಮರಗೋಳ, ರಾಯಾಪುರ, ಗಾಮನಗಟ್ಟಿಗಳಿಂದಲೂ ತಂದೆತಾಯಿಗಳು ಬರುವರು. ಕೈಯಲ್ಲಿ ಅಂಕಪಟ್ಟಿ, ಬದಿಯಲ್ಲಿ ತಲೆ ತಗ್ಗಿಸಿ ನಿಂತ ಮಗಳು. ಕೇಳುವ ಪ್ರಶ್ನೆಯು ಬಹುತರವಾಗಿ ಒಂದೇ: “ಅಕ್ಕೋರ, ಈಕೀಗೆ ಮುಂದ ಗಣಿತ ಬ್ಯಾಡ್ರಿ. ಗಣಿತ ಇಲ್ಲದ್ದು ಯಾವದರ ಇದ್ರ ಹೇಳ್ರಿ.” ಅದೇ ಮನೆಯ ಮಗನಿಗೆ ಅಷ್ಟೇ ಅಂಕಗಳು ಬಂದಿದ್ದರೆ ಪ್ರಶ್ನೆಯು ಬೇರೆಯಾಗುವದು; ಅವನನ್ನು ಯಾವ ಟ್ಯೂಶನ್ನಿಗೆ ಹಾಕಬೇಕೆಂದು ವಿಚಾರಿಸುವರು.

ಈ ಪ್ರಶ್ನೆಗೆ ಇಷ್ಟು ವರುಷ ನಾವು ಕೊಡುತ್ತ ಬಂದ ಉತ್ತರಗಳೆಲ್ಲವೂ ಸರಿಯಾಗಿದ್ದವೆಂದು ಹೇಳುವ ಧೈರ್ಯ ನಮಗಿಲ್ಲ. ನಾವು ಇನ್ನೂ ಸಹಶಿಕ್ಷಕಿಯಾಗಿದ್ದಾಗ, ಅಕ್ಷರವು ಮುತ್ತಿನಂತಿದ್ದ, ಗಣಿತದಲ್ಲಿ ಮಾತ್ರ ಹೇಗೋ ಪಾಸಾದ ಒಬ್ಬ ಹುಡುಗಿಯ ತಂದೆಗೆ, ಮಗಳನ್ನು ಕಲಾ ವಿಭಾಗಕ್ಕೆ ಹಾಕಿರೆಂದು ನಾವೇ ಸಲಹೆ ಕೊಟ್ಟೆವು. ಕಲಾ ವಿಭಾಗವು ಯಾವದಕ್ಕೂ ಕಡಿಮೆಯಲ್ಲ. ಇತಿಹಾಸವನ್ನೋ ಭಾಷೆಯನ್ನೋ ಪ್ರೀತಿಸಿ ಅಲ್ಲಿಗೆ ಹೋಗುವವಳು ಸರಿಯಾದ ಸ್ಥಳಕ್ಕೇ ಹೋಗುತ್ತಾಳೆ. ಈ ಹುಡುಗಿ ಹೋದದ್ದು ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಆ ಹೆದರಿಕೆಗೆ ನಾವು ಮುದ್ರೆ ಒತ್ತಿದೆವು. ಐದಾರು ವರುಷಗಳ ತರುವಾಯ ಅವಳು ಬ್ಯಾಂಕಿನ ಪರೀಕ್ಷೆಯ ಪುಸ್ತಕವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿಯ ಸಾದಾ ಸಮೀಕರಣದ ಲೆಕ್ಕಗಳನ್ನು ಹೇಳಿಕೊಡಬೇಕೆಂದು ಕೇಳಿದಳು. ಎದುರು ಕುಳ್ಳಿರಿಸಿಕೊಂಡು ಒಂದೊಂದೇ ಸಾಲು ಬರೆಯಿಸಿದೆವು. ಒಂದು ಗಂಟೆಯೊಳಗೆ ಅವಳಿಗೆ ದಾರಿ ತಿಳಿಯಿತು. ಏಳುವಾಗ ಅವಳು, “ಟೀಚರ್, ಆವಾಗ ಯಾಕ ಹಿಂಗ ಹೇಳಲಿಲ್ಲರಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ಮಾತಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿಯಬಹುದು.

ಮೊದಲು ಕಾಲೇಜಿನವರು ಏನನ್ನು ಅಪೇಕ್ಷಿಸುತ್ತಾರೆಂಬದನ್ನು ನೋಡೋಣ. ಪಿ.ಯು. ವಿಜ್ಞಾನ ವಿಭಾಗದ ಮೊದಲ ವರುಷದಲ್ಲಿಯೇ ಗಣಗಳು, ಉತ್ಪನ್ನಗಳು, ತ್ರಿಕೋನಮಿತಿ, ವರ್ಗ ಸಮೀಕರಣ, ಅಸಮತೆಗಳು ಒಂದರ ಹಿಂದೊಂದು ಬರುವವು. ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಎಂಬ ಐಚ್ಛಿಕ ವಿಷಯವುಂಟು. ಪಾಲಿಟೆಕ್ನಿಕ್ ಸೇರುವವಳಿಗೂ ಗಣಿತ ತಪ್ಪಿದ್ದಲ್ಲ. ಇವೆಲ್ಲವುಗಳ ಅಡಿಪಾಯವು ಎಂಟನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯವರೆಗೆ ಕಲಿಸುವ ಸಾದಾ ಬೀಜಗಣಿತವೇ. ಋಣಚಿಹ್ನೆಯನ್ನೂ ಅಪೂರ್ಣಾಂಕವನ್ನೂ ಆವರಣ ಬಿಡಿಸುವದನ್ನೂ ಕಾಲೇಜಿನ ಉಪನ್ಯಾಸಕರು ಮರಳಿ ಕಲಿಸಲಾರರು. ಅವರಿಗೆ ಅದಕ್ಕೆ ವೇಳೆಯಿಲ್ಲ. ಇಷ್ಟರಮಟ್ಟಿಗೆ ಅವರ ಅಪೇಕ್ಷೆಯು ನ್ಯಾಯವಾದದ್ದು. ಅದನ್ನು ಪೂರೈಸುವದು ನಮ್ಮಂಥ ಹೈಸ್ಕೂಲುಗಳ ಕರ್ತವ್ಯ.

ಆದರೆ “ಗಣಿತದ ತಲೆ” ಎಂಬುದೊಂದು ಬೇರೆಯೇ ಇರುವದೆಂದೂ ಅದಿಲ್ಲದವರು ಆ ವರ್ಗದ ಹೊಸ್ತಿಲು ತುಳಿಯಬಾರದೆಂದೂ ಅನೇಕರು ನಂಬಿದ್ದಾರೆ. ಇದನ್ನು ನಾವು ಒಪ್ಪುವದಿಲ್ಲ. ಎರಡು ದಶಕಗಳಿಗಿಂತ ಹೆಚ್ಚು ಕಾಲ ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ ನಮಗೆ ಕಂಡುಬಂದದ್ದೇನೆಂದರೆ, ಬೀಜಗಣಿತದಲ್ಲಿ ಬೀಳುವವರು ಬುದ್ಧಿಯ ಕೊರತೆಯಿಂದ ಬೀಳುವದು ವಿರಳ. ಸಾಲು ಬಿಟ್ಟು ಬರೆಯುವದರಿಂದ ಬೀಳುವದೇ ಹೆಚ್ಚು.

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟಿದೆ. ಹನ್ನೆರಡು ವರುಷಗಳ ನಂತರ ಎರಡರಷ್ಟಾಗುವದು. ಹಾಗಾದರೆ ಈಗ ಇಬ್ಬರ ವಯಸ್ಸೆಷ್ಟು? ಮಗಳ ವಯಸ್ಸನ್ನು ಮ ಎಂದಿಟ್ಟುಕೊಂಡರೆ 3ಮ + 12 = 2(ಮ + 12) ಎಂದಾಗುವದು. ಆವರಣವನ್ನು ಬಿಡಿಸಿ ಬಲಗಡೆಗೆ 2ಮ + 24 ಎಂದು ಬರೆದವಳಿಗೆ ಮಗಳಿಗೆ 12, ತಾಯಿಗೆ 36 ಎಂಬ ಉತ್ತರ ಬರುವದು. ಅವಸರದಲ್ಲಿ ಒಂದು ಸಾಲನ್ನು ನುಂಗಿ 2ಮ + 12 ಎಂದು ಬರೆದವಳಿಗೆ ಮ = 0 ಎಂದು ಬರುವದು. ಅಂದರೆ ಮಗಳ ವಯಸ್ಸೂ ಸೊನ್ನೆ, ತಾಯಿಯ ವಯಸ್ಸೂ ಸೊನ್ನೆ! ಇಂಥ ಉತ್ತರವನ್ನು ಬರೆದು, ಅದರ ಕೆಳಗೆ ಅಳತೆಪಟ್ಟಿಯಿಂದ ಎರಡು ಗೆರೆ ಎಳೆದು, ನೆಮ್ಮದಿಯಿಂದ ಮುಂದಿನ ಲೆಕ್ಕಕ್ಕೆ ಹೋದ ವಿದ್ಯಾರ್ಥಿನಿಯರನ್ನು ನಾವು ಪ್ರತಿ ವರುಷ ಕಂಡಿದ್ದೇವೆ. ಅವಳಿಗೆ ಬುದ್ಧಿಯಿಲ್ಲವೇ? ಅದೇ ಹುಡುಗಿ ಸಂತೆಯಲ್ಲಿ ಕಾಯಿಪಲ್ಲೆಯವಳು ಎರಡು ರೂಪಾಯಿ ಹೆಚ್ಚು ಹಿಡಿದರೆ ಅಲ್ಲಿಯೇ ನಿಂತು ಕೇಳುವಳು. ತಾನು ಬರೆದ ಉತ್ತರವನ್ನು ಹಾಗೆ ಕೇಳಬಹುದೆಂದು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ. ಆದುದರಿಂದ ನಮ್ಮ ಮೊದಲನೆಯ ಅಪೇಕ್ಷೆಯಿದು: ಒಂದು ಸಾಲಿಗೆ ಒಂದೇ ಬದಲಾವಣೆ, ಮತ್ತು ಉತ್ತರ ಬಂದ ಮೇಲೆ ಅದನ್ನು ಪ್ರಶ್ನೆಯೊಳಗೆ ಮರಳಿ ಹಾಕಿ ನೋಡುವದು. ಇದಕ್ಕೆ ಪ್ರತಿಭೆ ಬೇಡ; ತಾಳ್ಮೆ ಸಾಕು.

ಇನ್ನೊಂದು ತಪ್ಪು ಎಲ್ಲ ಊರುಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಕಾಣುವದು: (ಅ + ಬ) ಎಂಬದರ ವರ್ಗವೆಂದರೆ ಅ ವರ್ಗ ಮತ್ತು ಬ ವರ್ಗ ಎಂದು ಬರೆದು ಕೈತೊಳೆದುಕೊಳ್ಳುವದು. ಸೂತ್ರವನ್ನು ನೂರು ಸಲ ಬರೆಯಿಸಿದರೂ ಈ ತಪ್ಪು ಹೋಗುವದಿಲ್ಲ. ನಾವು ಒಮ್ಮೆ ಬೇಸತ್ತು ಮನೆಯಿಂದ ಅಜ್ಜಿ ಹೊಲಿದ ಕೌದಿಯೊಂದನ್ನು ತಂದು ಮೇಜಿನ ಮೇಲೆ ಹಾಸಿದೆವು. ಬದಿಯ ಉದ್ದ ಮೂರು ಗೇಣು ಮತ್ತು ನಾಲ್ಕು ಗೇಣು, ಕೂಡಿ ಏಳು ಗೇಣಿನ ಚೌಕವೆಂದು ಎಣಿಸಿರಿ. ಒಂದು ಮೂಲೆಯಲ್ಲಿ ಮೂರು ಗೇಣಿನ ಚೌಕ, ಅದು 9. ಎದುರು ಮೂಲೆಯಲ್ಲಿ ನಾಲ್ಕು ಗೇಣಿನ ಚೌಕ; ಅದು 16. ಎರಡೂ ಕೂಡಿ 25 ಆದವು. ಕೌದಿಯಾದರೋ 49ರದು. ಉಳಿದ 24 ಎಲ್ಲಿ? ಹುಡುಗಿಯರೇ ಎದ್ದು ಬಂದು ಎರಡು ಉದ್ದನೆಯ ತುಂಡುಗಳ ಮೇಲೆ ಕೈಯಿಟ್ಟರು, ಒಂದೊಂದು ಹನ್ನೆರಡರದು. “ಇವು ಎರಡನ್ನ ಬಿಟ್ರ ಕೌದಿ ನಡುವ ತೂತು ಬೀಳ್ತದರಿ ಟೀಚರ್” ಎಂದು ಒಬ್ಬಳು ಹೇಳಿದಳು. ಆ ವರ್ಗದಲ್ಲಿ 2ಅಬ ಎಂಬದನ್ನು ಮರೆತವರು ಬಹಳ ಕಡಿಮೆ.

ಋಣಚಿಹ್ನೆಯ ವಿಷಯವೂ ಹೀಗೆಯೇ. ಋಣವೆಂದರೆ ಸಾಲ, ಧನವೆಂದರೆ ಸ್ವತ್ತು. ಬ್ರಹ್ಮಗುಪ್ತನು 628ರಲ್ಲಿ ಈ ಲೆಕ್ಕದ ನಿಯಮಗಳನ್ನು ಇದೇ ಎರಡು ಶಬ್ದಗಳಿಂದ ಹೇಳಿದ್ದನು. ಋಣವನ್ನು ಋಣದಿಂದ ಗುಣಿಸಿದರೆ ಧನ ಹೇಗಾಗುವದೆಂದು ಬೆರಗಾಗುವ ಹುಡುಗಿಗೆ, ಐವತ್ತು ರೂಪಾಯಿಯ ಮೂರು ಕಂತುಗಳನ್ನು ಸಂಘದವರು ನಿನ್ನ ತಾಯಿಯ ಖಾತೆಯಿಂದ ತೆಗೆದುಹಾಕಿದರೆ ಮನೆಗೆ ಎಷ್ಟು ಉಳಿಯಿತೆಂದು ಕೇಳಿ ನೋಡಿರಿ. ನೂರೈವತ್ತು ಎಂದು ಅವಳು ತಡವಿಲ್ಲದೆ ಹೇಳುವಳು. ಸಾಲದ ಲೆಕ್ಕವು ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು?

ತಪ್ಪು ಮಾಡುವದಕ್ಕೆ ನಾಚುವ ಸ್ವಭಾವವು ಹುಡುಗಿಯರಲ್ಲಿ ಹೆಚ್ಚು. ಹುಡುಗನು ಹಲಗೆಯ ಮುಂದೆ ತಪ್ಪು ಬರೆದು ನಗುವನು. ಹುಡುಗಿಯು ಮತ್ತೆ ಎಂಟು ದಿನ ಕೈಯೆತ್ತುವದಿಲ್ಲ. ಅಂಥವರಿಗೆ ನಾವು ಮಹಾವೀರಾಚಾರ್ಯನ ಸಂಗತಿಯನ್ನು ಹೇಳುವದುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದ ಕಾಲದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ದೊಡ್ಡ ಗಣಿತಜ್ಞನು ಅವನು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನು. ಅಂಥವನೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ಉಳಿಯುವದೆಂದು ಬರೆದನು. ಅದು ತಪ್ಪು. ಮೂರು ಶತಮಾನಗಳ ನಂತರ ಭಾಸ್ಕರಾಚಾರ್ಯನು ಅಂಥ ರಾಶಿಯು ಅನಂತವೆಂದನು. ಇಂದಿನ ಗಣಿತವು ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಅವನ ಗ್ರಂಥವನ್ನು ಆ ಒಂದು ತಪ್ಪಿಗಾಗಿ ಯಾರೂ ಎಸೆಯಲಿಲ್ಲ. ಹತ್ತನೆಯ ಇಯತ್ತೆಯ ಹುಡುಗಿಯ ವಹಿಯನ್ನು ಮಾತ್ರ ನಾವು ಏಕೆ ಎಸೆಯಬೇಕು?

ಭಾಸ್ಕರನ ಹೆಸರು ಬಂದುದರಿಂದ ಇನ್ನೊಂದು ಮಾತು. 1150ರ ಅವನ ಲೀಲಾವತಿಯಲ್ಲಿ ಎಷ್ಟೋ ಲೆಕ್ಕಗಳನ್ನು ಒಬ್ಬ ಬಾಲೆಯನ್ನು ಕರೆದು ಕೇಳಿದ್ದಾನೆ. ಅವಳು ಅವನ ಮಗಳೆಂಬ ಕಥೆ ನಿಜವೋ ಅಲ್ಲವೋ, ಕೇಳಿದ್ದಂತೂ ಹೆಣ್ಣನ್ನೇ. ಅದೇ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು. ಹೀಗಿರುವಾಗ ಗಣಿತವು ಹೆಣ್ಣಿಗೂ ಕನ್ನಡಕ್ಕೂ ಹೊರಗಿನದೆಂದು ನಾವು ಯಾವಾಗ ಕಲಿತೆವೋ ತಿಳಿಯದು. ಅಕ್ಷರಗಳಿಂದ ಲೆಕ್ಕ ಮಾಡುವದೂ ಹೊಸತಲ್ಲ. ಭಾಸ್ಕರನು ತನ್ನ ಬೀಜಗಣಿತದಲ್ಲಿ ಅವ್ಯಕ್ತ ರಾಶಿಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿಟ್ಟು, ಅವುಗಳ ಮೊದಲ ಅಕ್ಷರವನ್ನು ಬರೆದು ಲೆಕ್ಕ ಬಿಡಿಸುತ್ತಿದ್ದನು.

ಕನ್ನಡದ ಮಾತೆತ್ತಿದ್ದರಿಂದ ನಿಜವಾದ ಒಂದು ಅಡಚಣೆಯನ್ನು ಹೇಳಲೇಬೇಕು. ಹತ್ತು ವರುಷ ಕನ್ನಡ ಮಾಧ್ಯಮದಲ್ಲಿ ಕಲಿತವಳು ಕಾಲೇಜಿನ ವಿಜ್ಞಾನ ವರ್ಗದಲ್ಲಿ ಕುಳಿತ ಮೊದಲ ದಿನ, ತನಗೆ ಬಲ್ಲ ಬಹುಪದೋಕ್ತಿಯು ಪಾಲಿನಾಮಿಯಲ್ ಆಗಿರುವದನ್ನೂ, ಸಹಗುಣಕವು ಕೋಎಫಿಶಿಯಂಟ್ ಆಗಿರುವದನ್ನೂ, ಚರಾಕ್ಷರವು ವೇರಿಯಬಲ್ ಆಗಿರುವದನ್ನೂ ಕೇಳುತ್ತಾಳೆ. ವಿಷಯ ತಿಳಿದಿದೆ, ಹೆಸರು ತಿಳಿದಿಲ್ಲ. ಹೆಸರು ತಿಳಿಯದ್ದರಿಂದ ವಿಷಯವೂ ತಿಳಿಯದೆಂದು ತಾನೇ ತೀರ್ಮಾನಿಸಿ ಹಿಂದಿನ ಬಾಕಿಗೆ ಸರಿಯುತ್ತಾಳೆ. ಇದರಲ್ಲಿ ಅವಳ ತಪ್ಪಿಲ್ಲ. ಹತ್ತನೆಯ ಇಯತ್ತೆಯ ಕೊನೆಯ ತಿಂಗಳುಗಳಲ್ಲಿ ಎರಡೂ ಹೆಸರುಗಳನ್ನು ಜೊತೆಗೂಡಿ ಕಲಿಸದಿರುವ ನಮ್ಮ ತಪ್ಪಿದೆ. ಸುಮಾರು ನೂರು ಶಬ್ದಗಳ ಕೆಲಸವಿದು.

ಪಾಲಕರಿಂದಲೂ ನಾವು ಅಪೇಕ್ಷಿಸುವದುಂಟು. ಬೀಜಗಣಿತವು ಓದಿ ಬರುವ ವಿಷಯವಲ್ಲ, ಬರೆದು ಬರುವದು. ಬರೆಯಲಿಕ್ಕೆ ದಿನಕ್ಕೊಂದು ಗಂಟೆ ಬೇಕು, ಯಾರೂ ಕರೆಯದ ಗಂಟೆ. ನಮ್ಮ ಅವಳಿ ನಗರದ ಹಲವು ಓಣಿಗಳಲ್ಲಿ ನಳದ ನೀರು ದಿನಾಲು ಬಾರದು. ಬಂದ ದಿನ ಕೊಡ ಹಿಡಿಯುವವಳು ಮಗಳು, ಮಗನಲ್ಲ. ಹಾಜರಿ ಪುಸ್ತಕವನ್ನು ನೋಡಿದರೆ ಯಾವ ಓಣಿಗೆ ಯಾವಾಗ ನೀರು ಬಂದಿತೆಂದು ನಾವು ಹೇಳಬಲ್ಲೆವು. ಬೇರೆ ವಿಷಯಗಳಲ್ಲಿ ತಪ್ಪಿದ ಪಾಠವನ್ನು ಗೆಳತಿಯ ವಹಿಯಿಂದ ಬರೆದುಕೊಳ್ಳಬಹುದು. ಬೀಜಗಣಿತದಲ್ಲಿ ಅಪವರ್ತನದ ದಿನ ತಪ್ಪಿಸಿಕೊಂಡವಳಿಗೆ ವರ್ಗ ಸಮೀಕರಣದ ವಾರವಿಡೀ ಕತ್ತಲೆಯೇ. ತಮ್ಮನು ಕೊಡ ಹೊತ್ತರೆ ಅವನ ಗಣಿತವೇನೂ ಕೆಡದು.

ಗಣಿತವೆಲ್ಲರಿಗೂ ಏತಕ್ಕೆ, ಬಲವಂತವು ಕ್ರೌರ್ಯವಲ್ಲವೇ ಎಂದು ಕೇಳುವ ಸ್ನೇಹಿತರು ನಮಗಿದ್ದಾರೆ. ಕೇಂದ್ರೀಯ ಮಂಡಳಿಯವರು 2020ರ ಹತ್ತನೆಯ ಇಯತ್ತೆಯ ಪರೀಕ್ಷೆಯಿಂದ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ತರದ ಪತ್ರಿಕೆಗಳನ್ನು ಮಾಡಿದ್ದಾರೆ. ಆಯ್ಕೆ ಕೊಡುವದು ಒಳ್ಳೆಯದೇ. ಆದರೆ ಆರಿಸುವವರು ಯಾರು? ಹದಿನೈದು ವರುಷದ ಹುಡುಗಿಯ ಪರವಾಗಿ ಅವಳ ತಂದೆ, ಅಣ್ಣ, ಮತ್ತು ನಮ್ಮಂಥ ಶಿಕ್ಷಕಿಯರು ಆರಿಸುವಾಗ ನಮ್ಮ ಕೈ ಸುಲಭದ ಕಡೆಗೇ ಹೋಗುವದನ್ನು ನಾವು ಬಲ್ಲೆವು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾಗುವ ಮೊದಲು ಈ ಭಾಗದ ತರುಣರು ಕಾಲೇಜಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ಈಗ ನವನಗರದಲ್ಲಿ ಬಸ್ಸು ಹತ್ತಿದರೆ ಹುಬ್ಬಳ್ಳಿಯ ದಿಕ್ಕಿಗೂ ಧಾರವಾಡದ ದಿಕ್ಕಿಗೂ ಕಾಲೇಜುಗಳಿವೆ. ದೂರವು ಹೋದ ಮೇಲೂ ಹುಡುಗಿಯನ್ನು ತಡೆದು ನಿಲ್ಲಿಸುವದು ಏಳನೆಯ ಇಯತ್ತೆಯಲ್ಲಿ ತಿಳಿಯದೆ ಉಳಿದ ಅಪೂರ್ಣಾಂಕವಾಗಬೇಕೇ?

ನಾವು ಕಲಿತ ಮಿಶನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ತಪ್ಪಾದ ಲೆಕ್ಕದ ಕೊನೆಗೆ ಅಡ್ಡಗೆರೆ ಹೊಡೆಯುತ್ತಿರಲಿಲ್ಲ. ಯಾವ ಸಾಲಿನಲ್ಲಿ ತಪ್ಪು ಹುಟ್ಟಿತೋ ಆ ಸಾಲಿಗೆ ಕೆಂಪು ಮಸಿಯಿಂದ ಸಣ್ಣದೊಂದು ಸೊನ್ನೆ ಸುತ್ತಿ, ಅದರ ಮೇಲಿನ ಸಾಲುಗಳಿಗೆಲ್ಲ ಗುಣ ಕೊಡುತ್ತಿದ್ದರು. ನಮ್ಮ ವಹಿಯಲ್ಲಿ ಆ ಕೆಂಪು ಸೊನ್ನೆಗಳು ಬಹಳವಿದ್ದವು. ಆದರೂ ನಾವು ಗಣಿತದ ಶಿಕ್ಷಕಿಯಾದೆವು. ಈ ಪದ್ಧತಿಯನ್ನು ನಮ್ಮ ಶಾಲೆಯ ಎಲ್ಲ ವರ್ಗಗಳಲ್ಲಿಯೂ ಈ ವರುಷದಿಂದ ನಡೆಸತಕ್ಕದ್ದೆಂದು ನಿಶ್ಚಯಿಸಿದ್ದೇವೆ.

ಇದಲ್ಲದೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು ನಮ್ಮ ಕಚೇರಿಯ ಪಕ್ಕದ ಕೋಣೆಯು ತೆರೆದಿರುವದು. ಹತ್ತನೆಯ ಇಯತ್ತೆಯವರು ಬರಬಹುದು. ಕಾಲೇಜಿಗೆ ಹೋಗಿ ತೊಡಕಿನಲ್ಲಿ ಸಿಕ್ಕವರೂ, ಗಣಿತ ಬಿಟ್ಟು ಎಷ್ಟೋ ವರುಷವಾದ ಹಳೆಯ ವಿದ್ಯಾರ್ಥಿನಿಯರೂ ಬರಬಹುದು. ಫೀ ಇಲ್ಲ. ಏಳನೆಯ ಇಯತ್ತೆಯ ಗಣಿತ ಪುಸ್ತಕವನ್ನೂ ಇನ್ನೂರು ಪುಟದ ಒಂದು ವಹಿಯನ್ನೂ ತರಬೇಕು. ಬರುವಾಗ ಅಳಿಸುವ ರಬ್ಬರನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರತಕ್ಕದ್ದು.