ಮನೆ ಬಾಡಿಗೆಯದು, ವಿಳಾಸ ಯಾರದು?

ಹಿಂದೆ ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಮದುವೆಯಾಗಿ ಕೆ.ಆರ್.ಪುರದಲ್ಲಿದ್ದಾಳೆ. ಕಳೆದ ತಿಂಗಳು ಶಿವಾಜಿನಗರದ ತವರಿಗೆ ಬಂದವಳು ನಮ್ಮ ಮನೆಗೂ ಬಂದಳು. "ಸರ್, ನಾನಿಯ ಕಥೆಗಳನ್ನು ಪಾಡ್‌ಕಾಸ್ಟ್ ಮಾಡ್ಬೇಕು ಅಂತಿದ್ದೀನಿ. ಯಾವ ಕಂಪನಿಯಲ್ಲಿ ಹಾಕಲಿ?" ಎಂದು ಕೇಳಿದಳು.

ಅವಳ ನಾನಿ ಹಲಸೂರಿನಲ್ಲಿ ಬೆಳೆದವರು. ಎಂಬತ್ತು ದಾಟಿದೆ. ದಖನಿಯಲ್ಲಿ ಕಥೆ ಆರಂಭಿಸಿ ನಡುವೆ ಕನ್ನಡಕ್ಕೆ ಹೊರಳುವ ಮಾತು ಅವರದು. ಈ ಮೊದಲು ಮೊಮ್ಮಗಳು ಹನ್ನೆರಡು ಕಥೆಗಳನ್ನು ಒಂದು ಉಚಿತ ಸೇವೆಯಲ್ಲಿ ಹಾಕಿದ್ದಳು. ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿಯೂ ಬಿಟ್ಟಿದ್ದಳು. ಒಂದು ದಿನ ಆ ಸೇವೆ ಮುಚ್ಚಿತು, ಕಥೆಗಳೂ ಹೋದವು. ಮತ್ತೆ ಹೇಳಿಸೋಣವೆಂದರೆ ನಾನಿಗೆ ಅರ್ಧ ಮರೆತುಹೋಗಿದೆ.

ಇಂತಹ ನಷ್ಟ ನಮ್ಮಲ್ಲಿ ಯಾರಿಗಾದರೂ ಆಗಬಹುದು. ಆದ್ದರಿಂದ ಅವಳಿಗೆ ಹೇಳಿದ್ದನ್ನು ಓದುಗರಿಗೂ ಹೇಳುತ್ತೇನೆ.

ಬೆಂಗಳೂರಿನ 'ತಲೆ-ಹರಟೆ' ಕನ್ನಡ ಪಾಡ್‌ಕಾಸ್ಟನ್ನು ಒಬ್ಬರು ಸ್ಪಾಟಿಫೈಯಲ್ಲಿ ಕೇಳಿದರೆ ಇನ್ನೊಬ್ಬರು ಆ್ಯಪಲ್ ಫೋನಿನಲ್ಲಿ ಕೇಳುತ್ತಾರೆ. ಒಂದೇ ಸಂಚಿಕೆ ಎಲ್ಲ ಕಡೆ ತಲುಪುವುದು ಹೇಗೆ? ಧ್ವನಿಯ ಕಡತ ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ. ಜೊತೆಗೆ ಆರ್‌ಎಸ್‌ಎಸ್ ಫೀಡ್ ಎಂಬ ಒಂದು ಪಟ್ಟಿ ಇರುತ್ತದೆ. ಆ್ಯಪ್‌ಗಳು ಆ ಪಟ್ಟಿಯ ವಿಳಾಸಕ್ಕೆ ಹೋಗಿ ಹೊಸದೇನಿದೆ ಎಂದು ನೋಡಿಕೊಂಡು ಬರುತ್ತವೆ. ಗೂಗಲ್ ಪಾಡ್‌ಕಾಸ್ಟ್ಸ್ ಎಂಬ ಆ್ಯಪ್ 2024ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕೇಳಿಬರುತ್ತಿದ್ದ ಕಾರ್ಯಕ್ರಮಗಳು ಅಳಿಯಲಿಲ್ಲ. ಅದು ಕೇಳುವ ಕಿಟಕಿ ಮಾತ್ರವಾಗಿತ್ತು. ಧ್ವನಿ ಬೇರೆಡೆ ಇತ್ತು. ಧ್ವನಿ ಇಟ್ಟ ಮನೆಯೇ ಮುಚ್ಚಿದರೆ ಮಾತ್ರ ನಮ್ಮ ಹುಡುಗಿಗೆ ಆದ ಗತಿ.

ಬಾಡಿಗೆ ಮನೆ ಹಿಡಿಯುವಾಗ ನಾವು ಅಡ್ವಾನ್ಸ್ ಎಷ್ಟು, ನೀರು ಬರುತ್ತದೆಯೇ ಎಂದು ಕೇಳುತ್ತೇವೆ. ಬುದ್ಧಿವಂತರು ಬಿಡುವಾಗಿನ ಕರಾರನ್ನೂ ಕೇಳುತ್ತಾರೆ. ಇಲ್ಲಿಯೂ ಅದನ್ನೇ ಮೊದಲು ಕೇಳಬೇಕು. ನಾವು ಬೇರೆ ಕಂಪನಿಗೆ ಹೋದರೆ ಹಳೆಯ ಫೀಡಿಗೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುತ್ತೀರಾ? ಇದಕ್ಕೆ 301 ರೀಡೈರೆಕ್ಟ್ ಎನ್ನುತ್ತಾರೆ. ಮನೆ ಬದಲಿಸಿದವರ ಕಾಗದವನ್ನು ಅಂಚೆಯಣ್ಣ ಹೊಸ ಮನೆಗೆ ಮುಟ್ಟಿಸಿದ ಹಾಗೆ. ಇದಿಲ್ಲದಿದ್ದರೆ ವರ್ಷಗಟ್ಟಲೆ ಗಳಿಸಿದ ಕೇಳುಗರನ್ನು ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ.

ಎರಡನೆಯದು ಹಣ. ಉಚಿತ ಎಂದಲ್ಲಿ ಹಳೆಯ ಸಂಚಿಕೆಗಳು ಎಷ್ಟು ದಿನ ಉಳಿಯುತ್ತವೆ, ನಡುವೆ ಯಾರ ಜಾಹೀರಾತು ಬರುತ್ತದೆ ಎಂದು ಓದಿ ನೋಡಿ. ವಿದೇಶಿ ಕಂಪನಿಗಳು ಸಾಮಾನ್ಯವಾಗಿ ಡಾಲರಿನಲ್ಲಿ ಹಣ ಪಡೆಯುತ್ತವೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿಯೇ ಹಣ ಕಡಿತವಾಗಲು ಮುಂಗಡ ಒಪ್ಪಿಗೆ ನೋಂದಾಯಿಸಿರಬೇಕು. ಇಲ್ಲವಾದರೆ ಪಾವತಿ ನಿಲ್ಲುತ್ತದೆ. ಪಾವತಿ ನಿಂತರೆ ಕಥೆಯೂ ನಿಲ್ಲಬಹುದು.

ಮೂರನೆಯದನ್ನು ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. ಫೀಡಿನಲ್ಲಿ ನಮೂದಾದ ಇ-ಮೇಲ್ ವಿಳಾಸವನ್ನು ಯಾರು ಬೇಕಾದರೂ ನೋಡಬಹುದು. ಮನೆಯವರ ಸ್ವಂತ ವಿಳಾಸ ಕೊಡಬೇಡಿ. ಇದಕ್ಕೆಂದೇ ಬೇರೆಯದನ್ನು ತೆರೆಯಿರಿ. ಕಥೆ ಹೇಳಿದ ಹಿರಿಯರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಅವರ ಧ್ವನಿ ನಮ್ಮ ಕೈಯಲ್ಲಿರುವ ಅಮಾನತ್ತು.

ಕೊನೆಯದಾಗಿ, ಎಂತಹ ಕಂಪನಿಯಾದರೂ ಮೂಲ ಪ್ರತಿ ಮನೆಯಲ್ಲಿರಲಿ. ಮಾತಿನ ಧ್ವನಿಗೆ 64 ಕೆಬಿಪಿಎಸ್‌ನ ಎಂಪಿ3 ಸಾಕು. ಇಪ್ಪತ್ತು ನಿಮಿಷದ ಕಥೆ ಸುಮಾರು 10 ಎಂಬಿ ಆಗುತ್ತದೆ. ಐವತ್ತು ಕಥೆಗಳಿಗೆ 500 ಎಂಬಿ. ಒಂದು ಚಿಕ್ಕ ಪೆನ್‌ಡ್ರೈವಿನಲ್ಲಿ ನಾನಿಯ ಕಥೆಗಳೆಲ್ಲ ಹಿಡಿಸುತ್ತವೆ! ಅಂತಹ ಎರಡನ್ನು ಮಾಡಿ ಎರಡು ಮನೆಗಳಲ್ಲಿಡಿ.

"ಹಾಗಾದ್ರೆ ಕಂಪನಿ ಯಾವುದು ಸರ್?" ಎಂದಳು ಹುಡುಗಿ.

"ಬೇಟಾ, ಬಿಟ್ಟು ಹೋಗಲು ಬಿಡುವ ಯಾವುದಾದರೂ ಆಗಬಹುದು. ಆದರೆ ಅದನ್ನು ಹುಡುಕುತ್ತಾ ತಿಂಗಳು ಕಳೆಯಬೇಡ. ಉಳಿದ ಕಥೆಗಳನ್ನು ಇವತ್ತೇ ಹೇಳಿಸು" ಎಂದೆ.

ಕಂಪನಿ ನಾಳೆಯೂ ಸಿಗುತ್ತದೆ. ನಿಮ್ಮ ಮನೆಯಲ್ಲಿಯೂ ಕಥೆ ಹೇಳುವ ಹಿರಿಯರಿರಬಹುದು. ಅವರ ಬಳಿ ಈ ಸಂಜೆ ಕುಳಿತುಕೊಳ್ಳಬಾರದೇ?