ಇನ್ನೂ ಎಷ್ಟು ವರ್ಷ ‘ಕಾಯ್ರಿ’ ಅಂತೀರಿ?

ಕಂಪ್ಲಿ ಕಡೆಯ ತಾಯಿಯೊಬ್ಬರು ಹೋದ ತಿಂಗಳು ನಮ್ಮ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಸುರಿದರು. ಎರಡು ವರ್ಷದ ಆಸ್ಪತ್ರೆ ಚೀಟಿಗಳು, ಜೊತೆಗೆ ಬಸ್ಸಿನ ಶೂನ್ಯ ಟಿಕೆಟ್‌ಗಳು. ‘ಬಸ್ಸು ಪುಕ್ಕಟೆ ಐತ್ರಿ. ನಾಟಿ ಬಿಟ್ಟು ಹೋದ್ರ ಆ ದಿನದ ಕೂಲಿ ಯಾರು ಕೊಡ್ತಾರ?’ ಅಂದರು.

ಮಗನಿಗೆ ಈಗ ಮೂರೂವರೆ ವರ್ಷ. ಒಂದೂವರೆ ವರ್ಷದವನಿದ್ದಾಗಲೇ ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ‘ಅವ್ವ’ ಅನ್ನುತ್ತಿದ್ದವನು ಅದನ್ನೂ ಬಿಟ್ಟ.

ಅತ್ತೆ ‘ಗಂಡ್ಹುಡುಗ್ರಿಗೆ ಮಾತು ತಡ, ಕಾಯಿ’ ಅಂದು ನಾಲಿಗೆಗೆ ಬಜೆ ತೇಯ್ದು ಹಚ್ಚಿದರು. ಹುಲಿಗೆಮ್ಮನಿಗೆ ಹರಕೆ ಹೊತ್ತರು. ಒಬ್ಬ ಡಾಕ್ಟರು ‘ಮೂರು ತುಂಬಲಿ, ನೋಡೋಣ’ ಅಂದರು. ಒಂದು ಆಸ್ಪತ್ರೆಯಲ್ಲಿ ‘ಇದನ್ನ ನೋಡೋರು ಇವತ್ತು ಬಂದಿಲ್ಲ’, ಇನ್ನೊಂದರಲ್ಲಿ ‘ಬೆಂಗಳೂರಿಗೆ ಹೋಗ್ರಿ’.

ನಾವು ಅಜ್ಜಿಯನ್ನು ಬೈಯುವುದಿಲ್ಲ. ಅವರಿಗೆ ಯಾರೂ ತಿಳಿಸಿ ಹೇಳಿಲ್ಲ. ಆದರೆ ಓದಿ ಕುರ್ಚಿಯಲ್ಲಿ ಕೂತವರೂ ಅದೇ ಮಾತು ಹೇಳಿದರೆ ಹೇಗೆ?

ಆಟಿಸಂ, ಸರ್ಕಾರಿ ಕಾಗದದಲ್ಲಿ ‘ಸ್ವಲೀನತೆ’, ಗಾಳಿ ಸೋಕಿದ್ದಲ್ಲ. ತಾಯಿ ಸರಿಯಾಗಿ ಬೆಳೆಸದೆ ಬಂದದ್ದಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. ಆ ಮಗುವಿನ ಮೆದುಳು ಬೆಳೆಯುವ ರೀತಿಯೇ ಬೇರೆ. ಅದನ್ನು ‘ವಾಸಿ ಮಾಡುವ’ ಮಾತ್ರೆ ಇಲ್ಲ. ಆದರೆ ಎಳೆವಯಸ್ಸಿನಲ್ಲೇ ಆಟ, ಮಾತು, ಸನ್ನೆ ಕಲಿಸಲು ಶುರು ಮಾಡಿದರೆ ಮಗುವಿಗೂ ಮನೆಗೂ ದೊಡ್ಡ ಸಹಾಯ. ಅನುಭವ ಇರುವವರು ಎರಡು ವರ್ಷದ ಆಸುಪಾಸಿನಲ್ಲೇ ಇದನ್ನು ಗುರುತಿಸಬಲ್ಲರು. ‘ಕಾಯ್ರಿ’ ಅನ್ನುವ ಮಾತು ತಿಂದುಹಾಕುವುದು ಇದೇ ವರ್ಷಗಳನ್ನು.

ಇದನ್ನು ಪತ್ತೆ ಮಾಡುವ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ತರಬೇತಿ ಪಡೆದವರು ಮಗುವಿನ ಜೊತೆ ನೆಲದ ಮೇಲೆ ಕೂತು ಆಡಿಸಿ ನೋಡಬೇಕು, ತಂದೆತಾಯಿಯನ್ನು ಕೇಳಬೇಕು. ನಮ್ಮ ದೇಶದಲ್ಲೇ ತಯಾರಾದ ‘ಐಸಾ’ ಮಾಪನದಲ್ಲಿ ಇರುವುದು 40 ಅಂಶ. ಕೋಟಿ ರೂಪಾಯಿ ಯಂತ್ರ ಬೇಡ. ಒಂದು ಕೋಣೆ, ಒಂದು ಚಾಪೆ, ಕಲಿತ ಮನುಷ್ಯರು ಸಾಕು.

ಕಾಗದದ ಮೇಲೆ ಎಲ್ಲವೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯಕೀಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆ ತಡವಾದ ಮಕ್ಕಳನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಆ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲೂ ಇದೆ. ಹಾಗಿದ್ದ ಮೇಲೆ ತಪಾಸಣೆ ಯಾರೋ ಮಾಡುವ ಉಪಕಾರವಲ್ಲ.

ಇನ್ನು ಗಡಿಯ ಗೋಳು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಎರಡೂ ಊರಿಗೆ ಹತ್ತಿರ ಹೊಸಪೇಟೆ, ಕಾಗದಪತ್ರಕ್ಕೆ ಬಳ್ಳಾರಿ. ಮಗುವನ್ನು ಎತ್ತಿಕೊಂಡು ಎರಡೂ ಕಡೆ ಅಲೆಯುವುದು ತಾಯಿ.

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಸಂಡೂರಿನ ಅದಿರು ಹೊರಗೆ ಹೋಗುತ್ತದೆ, ಧೂಳು ಇಲ್ಲೇ ಉಳಿಯುತ್ತದೆ. ಅದಕ್ಕೆಂದೇ 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಕಾನೂನು ಬಂತು. ಕನಿಷ್ಠ ಶೇ 60ರಷ್ಟು ಹಣ ಆದ್ಯತೆಯ ಕೆಲಸಗಳಿಗೆ ಹೋಗಬೇಕು ಎಂದು ಆಗಲೇ ಬರೆದಿಟ್ಟರು. ಕುಡಿಯುವ ನೀರಿನ ಜೊತೆ ಆರೋಗ್ಯ, ಮಕ್ಕಳ ಮತ್ತು ಅಂಗವಿಕಲರ ಕಲ್ಯಾಣವೂ ಅದರಲ್ಲಿದೆ. ಈ ಮಗು ಮೂರಕ್ಕೂ ಸೇರುತ್ತದೆ.

‘ತಜ್ಞರು ಎಲ್ಲಿದ್ದಾರೆ?’ ಅನ್ನುತ್ತಾರೆ. ತಜ್ಞರು ಕಡಿಮೆ, ನಿಜ. ನಾವು ಊರಿಗೊಬ್ಬರನ್ನು ಕೇಳುತ್ತಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ನಿಗದಿ ದಿನ ಕೇಳುತ್ತಿದ್ದೇವೆ. ಮಕ್ಕಳ ಡಾಕ್ಟರು, ಮನಶ್ಶಾಸ್ತ್ರಜ್ಞರು, ಮಾತಿನ ತರಬೇತುದಾರರು ಅವತ್ತು ಒಂದೇ ಕಡೆ ಸಿಗಬೇಕು. ಯಾವ ಜಿಲ್ಲೆಯ ಮಗು ಅಂತ ಕೇಳಬಾರದು. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಇಂಥ ಕೆಲಸಕ್ಕೆ ಜನರನ್ನು ತಯಾರು ಮಾಡುತ್ತಿದೆ. ಖನಿಜದ ಹಣದಲ್ಲಿ ಅಂಥವರನ್ನು ಕರೆಸಲಾಗದೇ?

ನಮ್ಮ ತಪ್ಪೂ ಇದೆ. ಹಂಪಿ ಉತ್ಸವ ಬಂದರೆ ಪಾಸ್ ಕೊರಳಿಗೆ ಹಾಕಿಕೊಂಡು ದೀಪಾಲಂಕಾರದ ಬಗ್ಗೆ ಪುಟಗಟ್ಟಲೆ ಬರೆದಿದ್ದೇವೆ. ಈ ಚೀಟಿಗಳ ಬಗ್ಗೆ ಒಂದು ಕಾಲಂ ಬರೆದಿಲ್ಲ.

ನೀವೂ ಸುಮ್ಮನಿರಬೇಡಿ. ಮಗು ಕೂಗಿದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ಹೋದರೆ ಆಸ್ಪತ್ರೆಗೆ ತೋರಿಸಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ತಪಾಸಣೆ ತಂಡ ಯಾವತ್ತು ಬರುತ್ತದೆ ಅಂತ ಅಂಗನವಾಡಿ ಟೀಚರನ್ನು ಕೇಳಿ. ಯುಡಿಐಡಿ ಕಾರ್ಡಿನ ಅರ್ಜಿಗೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಮಾತು, ಆಟ ಕಲಿಸುವುದಕ್ಕೆ ಕಾರ್ಡು ಬರುವ ತನಕ ಕಾಯಬೇಕಿಲ್ಲ. ಯಾರಾದರೂ ‘ಕಾಯ್ರಿ’ ಅಂದರೆ, ‘ಯಾವ ತಾರೀಕಿನ ತನಕ?’ ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಆ ತಾಯಿಗೆ ಈಗ ಮತ್ತೊಂದು ತಾರೀಕು ಕೊಟ್ಟಿದ್ದಾರೆ. ಅವತ್ತು ನಾವೂ ಜೊತೆಗೆ ಹೋಗುತ್ತೇವೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇವೆ.